ಎರಡೇ ದಿನದ ಕಾಶಿ: ಏಜೆಂಟರ ಪಟ್ಟಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನವೆಂಬರ್ ಕೊನೆಯ ವಾರ ದಾವಣಗೆರೆಯಿಂದ ನಾವು ನಾಲ್ಕು ಜನ ಕಾಶಿಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಹತ್ತನೇ ಕ್ಲಾಸಿನ ಮಗ, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು, ನಿಧಾನಕ್ಕೆ ನಡೆಯುತ್ತಾರೆ. ಕೈಯಲ್ಲಿರೋದು ಪೂರ್ತಿ ಎರಡು ದಿನ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಹದಿನಾಲ್ಕು ದೇವಸ್ಥಾನ, ಸಾರನಾಥ, ರಾಮನಗರದ ಕೋಟೆ, ಅದರ ಮೇಲೆ ಪ್ರಯಾಗಕ್ಕೂ ಹೋಗಿ ಬರುವುದಿದೆ. ಇದೆಲ್ಲ ಆಗುತ್ತಾ? ಎಲ್ಲಿ ಉಳಿಯಬೇಕು? ಮೋಸ ಮಾಡ್ತಾರೆ ಅಂತ ಎಲ್ಲರೂ ಹೆದರಿಸ್ತಿದ್ದಾರೆ, ಎಷ್ಟು ನಿಜ?

ಉತ್ತರ: ನೆಮ್ಮದಿಯಾಗಿ ಆಗಲ್ಲ. ಆದರೂ ಕಾರಲ್ಲಿ ಕೂತು ಇಳಿದು ಹತ್ತಿ ಮಾಡಿದರೆ ಪಟ್ಟಿ ಮುಗಿಯುತ್ತದೆ, ಅಮ್ಮನಿಗೆ ಮಾತ್ರ ಕಾಶಿ ಅಂದ್ರೆ ಕಾರಿನ ಬಾಗಿಲು ಅಂತ ನೆನಪಿರುತ್ತದೆ.

ಮೊದಲು ಪ್ರಯಾಗ ತೆಗೆದುಹಾಕಿ. ರಸ್ತೆಯಲ್ಲಿ ಹೆಚ್ಚುಕಡಿಮೆ 120 ಕಿಲೋಮೀಟರ್, ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ, ಮಧ್ಯೆ ಸಂಗಮದಲ್ಲಿ ದೋಣಿ, ಸ್ನಾನ, ಊಟ. ಇರುವ ಎರಡು ದಿನದಲ್ಲಿ ಒಂದು ಹಾಗೇ ಹೋಯಿತು. ವೇಣಿದಾನ (ಸಂಗಮದಲ್ಲಿ ಹೆಂಗಸರು ಜಡೆಯ ತುದಿ ಅರ್ಪಿಸುವುದು), ಪಿಂಡಪ್ರದಾನ ಅಂತ ಮನೆಯಲ್ಲಿ ಸಂಕಲ್ಪ ಇದ್ದರೆ ಮಾತು ಬೇರೆ, ಆಗ ಇನ್ನೊಂದು ದಿನ ರಜೆ ಹಾಕಿ. ಸುಮ್ನೆ ನೋಡಿ ಬರೋಕೆ ಅಂತಾದರೆ ಬೇಡ.

ರಾಮನಗರದ ಕೋಟೆಯನ್ನೂ ನಾನು ಬಿಡುತ್ತೇನೆ. ನದಿಯ ಆಚೆ ದಡದಲ್ಲಿ ಕಾಶಿಯ ರಾಜರು 18ನೇ ಶತಮಾನದಲ್ಲಿ ಕಟ್ಟಿದ ಕೋಟೆ ಅದು, ಒಳಗೆ ಹಳೇ ಕಾರು, ಪಲ್ಲಕ್ಕಿ, ಕತ್ತಿ ಇಟ್ಟ ಮ್ಯೂಸಿಯಂ ಇದೆ, ಎಲ್ಲದರ ಮೇಲೂ ಧೂಳು. ಮೈಸೂರು ಅರಮನೆ ನೋಡಿದವರಿಗೆ ಅಂಥದ್ದೇನೂ ಅನ್ನಿಸಲ್ಲ. ದಸರಾ ಸಮಯದಲ್ಲಿ ಅಲ್ಲಿ ಒಂದು ತಿಂಗಳು ನಡೆಯುವ ರಾಮಲೀಲೆ ಮಾತ್ರ ನೋಡಲೇಬೇಕಾದದ್ದು, ಆದರೆ ನೀವು ಹೋಗುವ ಹೊತ್ತಿಗೆ ಅದು ಮುಗಿದಿರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕಾಶಿಯಲ್ಲಿ "ಎಲ್ಲಿಗೆ" ಅನ್ನೋದಕ್ಕಿಂತ "ಎಷ್ಟು ಹೊತ್ತಿಗೆ" ಅನ್ನೋದು ದೊಡ್ಡದು. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಊರು ಇರೋದು ಎತ್ತರದ ಪಡುವಣ ದಡದಲ್ಲಿ, ಎದುರಿನ ಮೂಡಣ ದಡ ತಗ್ಗು, ಮಳೆಗಾಲದಲ್ಲಿ ಮುಳುಗುವ ಮರಳು, ಅಲ್ಲಿ ಯಾರೂ ಊರು ಕಟ್ಟಲಿಲ್ಲ. ಅದಕ್ಕೇ ಸೂರ್ಯ ಹುಟ್ಟಿದಾಗ ಮಧ್ಯೆ ಒಂದು ಕಟ್ಟಡವೂ ಅಡ್ಡ ಬರದೆ ಬಿಸಿಲು ನೇರ ಘಾಟ್‌ಗಳ ಮೇಲೆ ಬೀಳುತ್ತದೆ. ಬೆಳಗ್ಗೆ ಆರೂವರೆಗೆ ನೋಡಿದ ಘಾಟ್‌ಗೂ ಮಧ್ಯಾಹ್ನ ಒಂದು ಗಂಟೆಗೆ ನೋಡಿದ ಅದೇ ಘಾಟ್‌ಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಹಾಗಾಗಿ ಬೆಳಗ್ಗೆ ಮತ್ತು ಸಂಜೆ ನದಿಗೂ ವಿಶ್ವನಾಥನಿಗೂ ಇರಲಿ, ಉಳಿದಿದ್ದಕ್ಕೆಲ್ಲ ಮಧ್ಯದ ಹೊತ್ತು ಸಾಕು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದರೂ ಏನೂ ತಪ್ಪಿಹೋಗಲ್ಲ.

ಉಳಿಯುವ ಜಾಗ ಇದಕ್ಕೆ ತಕ್ಕ ಹಾಗಿರಬೇಕು. ಕಂಟೋನ್ಮೆಂಟ್ ಕಡೆ ದೊಡ್ಡ ಹೋಟೆಲುಗಳಿವೆ, ಚೆನ್ನಾಗಿವೆ, ಆದರೆ ನದಿಗೆ ದೂರ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಲ್ಲಿಂದ ಬರೋಕೆ ಮನೆಯವರು ಒಪ್ಪಲ್ಲ. ಅಸ್ಸಿ ಘಾಟ್ ಹತ್ತಿರ, ಇಲ್ಲವೇ ಸೋನಾರ್‌ಪುರ ರಸ್ತೆಗೆ ಹತ್ತಿರವಾಗಿ ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ನೋಡಿ. ಇದು ಹಿಂದಿನಿಂದಲೂ ದಕ್ಷಿಣದವರ ಕೇರಿ. ಕರ್ನಾಟಕ ಘಾಟ್ ಅಂತಲೇ ಒಂದು ಘಾಟ್ ಇದೆ, ಹಳೇ ಮೈಸೂರು ಸಂಸ್ಥಾನದ್ದು, ಅಲ್ಲೇ ನಮ್ಮ ರಾಜ್ಯದ ಛತ್ರವೂ ಇದೆ. ಇಡ್ಲಿ ಸಿಗುತ್ತದೆ, ಕನ್ನಡ ಬರುವ ಪುರೋಹಿತರೂ ಸಿಗುತ್ತಾರೆ. ರೂಮ್ ಬುಕ್ ಮಾಡುವಾಗ ಫೋಟೊ ನೋಡಬೇಡಿ, ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಆಟೊ ಬಾಗಿಲವರೆಗೆ ಬರುತ್ತಾ, ರಸ್ತೆಯಿಂದ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯಾ. "ರಿವರ್ ವ್ಯೂ" ಅಂತ ಹಾಕಿಕೊಂಡ ಎಷ್ಟೋ ಮನೆಗಳಿಗೆ ಗಲ್ಲಿಯಲ್ಲಿ ಹತ್ತು ನಿಮಿಷ ನಡೆದು, ಮೇಲೆ ಮೂರು ಮಹಡಿ ಹತ್ತಬೇಕು. ಅಮ್ಮನ ಮಂಡಿ ಮೊದಲ ದಿನವೇ ಕೈಕೊಡುತ್ತದೆ.

ನಿಮ್ಮ ಮನೆಯವರು ವೀರಶೈವರೋ ಅಲ್ಲವೋ ಗೊತ್ತಿಲ್ಲ, ಆದರೂ ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠ ತಿಳಿದಿರಲಿ. ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಅದೇ. ಮುಖ್ಯ ರಸ್ತೆಯಲ್ಲೇ ಇದೆ, ಯಾತ್ರಿಕರಿಗೆ ವಸತಿಯೂ ಇದೆ. ಒಳಗೆ ಹೋದರೆ ಎಲ್ಲಿ ನೋಡಿದರೂ ಶಿವಲಿಂಗ. ಅಂಗಳದಲ್ಲಿ, ಗೋಡೆ ಬದಿಯಲ್ಲಿ, ಒಂದರ ಪಕ್ಕ ಒಂದು ಇಟ್ಟು ಸಾಲು ಸಾಲು, ಕೆಲವು ಹೆಬ್ಬೆರಳಿನಷ್ಟೇ. ಸತ್ತವರ ಹೆಸರಲ್ಲಿ ಇಲ್ಲಿ ಲಿಂಗ ಕೊಡುವ ಪದ್ಧತಿ, ನೂರಾರು ವರ್ಷದಿಂದ ಹಾಗೆ ಸೇರಿ ಸೇರಿ ಲಕ್ಷಗಟ್ಟಲೆ ಆಗಿವೆ. ಏಜೆಂಟರ ಪಟ್ಟಿಯಲ್ಲಿ ಇದು ಇರೋದೇ ಇಲ್ಲ, ನನ್ನ ಲೆಕ್ಕದಲ್ಲಿ ಆ ಹದಿನಾಲ್ಕರಲ್ಲಿ ಹತ್ತಕ್ಕಿಂತ ಇದು ಮೇಲು.

ಮೊದಲ ದಿನ ಬೆಳಗ್ಗೆ ವಿಶ್ವನಾಥ. ಮಂಗಳಾರತಿ ಮೂರರಿಂದ ನಾಲ್ಕರವರೆಗೆ, ಅದಕ್ಕೆ ಮೊದಲೇ ಟಿಕೆಟ್ ಬೇಕು. ಅದು ಮುಗಿದ ಮೇಲೆ ಎಲ್ಲರಿಗೂ ದರ್ಶನ. ನಾಲ್ಕೂವರೆ, ಐದಕ್ಕೆ ಸಾಲಲ್ಲಿ ನಿಂತರೆ ಬೇಗ ಆಗುತ್ತದೆ, ಎಂಟರ ಮೇಲೆ ಜನ ಜಾಸ್ತಿ. ಸೋಮವಾರ ಸಿಕ್ಕಿದರೆ ಮಂಗಳವಾರಕ್ಕೆ ಹಾಕಿಕೊಳ್ಳಿ. ಅಮ್ಮನಿಗೆ ನಿಲ್ಲೋಕೆ ಆಗಲ್ಲ ಅಂದ್ರೆ ದೇವಸ್ಥಾನದ ಟ್ರಸ್ಟ್‌ನವರೇ ಕೊಡುವ ಸುಗಮ ದರ್ಶನದ ಟಿಕೆಟ್ ಅವರ ವೆಬ್‌ಸೈಟಿನಲ್ಲೇ ತಗೊಳ್ಳಿ, ದ್ವಾರದಲ್ಲಿ ಗಾಲಿಕುರ್ಚಿಯನ್ನೂ ಕೇಳಿ. ಮೊಬೈಲು, ಬ್ಯಾಗು, ಪೆನ್ನು ಕೂಡ ಒಳಗೆ ಬಿಡಲ್ಲ. ರೂಮಲ್ಲೇ ಎಲ್ಲ ಬಿಟ್ಟು, ಆಧಾರ್ ಕಾರ್ಡ್ ಮತ್ತು ಸ್ವಲ್ಪ ದುಡ್ಡು ಮಾತ್ರ ಇಟ್ಟುಕೊಂಡು ಹೋಗಿ. ಇಲ್ಲದಿದ್ದರೆ ಹೂವಿನ ಅಂಗಡಿಯವನು "ಲಾಕರ್ ಫ್ರೀ" ಅಂತ ಕರೆದು, ಲಾಕರ್ ಬೇಕಿದ್ದರೆ ಇಷ್ಟು ದೊಡ್ಡ ಪ್ರಸಾದದ ಬುಟ್ಟಿ ತಗೊಳ್ಳಲೇಬೇಕು ಅನ್ನುತ್ತಾನೆ. ಇನ್ನೊಂದು, ಮೊಬೈಲ್ ಇರಲ್ಲವಲ್ಲ, ಒಳಗೆ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಂಡಿರಿ.

ದೇವಸ್ಥಾನ ಚಿಕ್ಕದು ಅಂತ ಅಮ್ಮನಿಗೆ ಮೊದಲೇ ಹೇಳಿ. ನಮ್ಮ ಕಡೆಯ ರಾಯಗೋಪುರ, ದೊಡ್ಡ ಪ್ರಾಕಾರ ಮನಸ್ಸಲ್ಲಿಟ್ಟುಕೊಂಡು ಹೋದವರಿಗೆ "ಇಷ್ಟೇನಾ?" ಅನ್ನಿಸುತ್ತದೆ. 1669ರಲ್ಲಿ ಔರಂಗಜೇಬನ ಆಜ್ಞೆಯಂತೆ ಹಳೇ ಗುಡಿ ಕೆಡವಿದರು. ಈಗ ನಾವು ನೋಡುವುದು ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ್ದು, ಶಿಖರದ ಚಿನ್ನ ಪಂಜಾಬಿನ ರಣಜಿತ್ ಸಿಂಗ್ ಕೊಟ್ಟಿದ್ದು. ಬೆಳ್ಳಿ ಹೊದಿಸಿದ ಚೌಕದೊಳಗೆ ಲಿಂಗ, ಬಗ್ಗಿ ನೋಡಬೇಕು, ಅಷ್ಟರಲ್ಲಿ ಮುಂದೆ ತಳ್ಳುತ್ತಾರೆ. ಆ ಎರಡು ಸೆಕೆಂಡಲ್ಲಿ ಕೈ ಮುಗಿಯೋದೋ, ಹೂ ಹಾಕೋದೋ, ಹಿಂದಿನವರನ್ನು ಬೈಯೋದೋ, ಒಂದನ್ನು ಆರಿಸಿಕೊಳ್ಳಬೇಕು. 2021ರ ಡಿಸೆಂಬರಿನಲ್ಲಿ ದೇವಸ್ಥಾನದಿಂದ ಗಂಗೆಯವರೆಗಿನ ಕಾರಿಡಾರ್ ಉದ್ಘಾಟನೆ ಆದ ಮೇಲೆ, ಹಿಂದೆ 3,000 ಚದರ ಅಡಿಯಷ್ಟಿದ್ದ ಆವರಣ ಈಗ ಸುಮಾರು 5 ಲಕ್ಷ ಚದರ ಅಡಿ ಆಗಿದೆ. ವಯಸ್ಸಾದವರಿಗೆ ನಿಜವಾಗಿ ಅನುಕೂಲ. ಅದಕ್ಕಾಗಿ ಕೆಡವಿದ ಹಳೇ ಗಲ್ಲಿ, ಮನೆಗಳನ್ನು ನೆನೆದರೆ ಸಂಕಟವೂ ಆಗುತ್ತದೆ. ನನಗೆ ಎರಡೂ ಒಟ್ಟಿಗೇ ಅನ್ನಿಸುತ್ತದೆ.

ಅನ್ನಪೂರ್ಣೆ ಪಕ್ಕದಲ್ಲೇ. ವಿಶಾಲಾಕ್ಷಿ ಗುಡಿ ಮೀರ್ ಘಾಟ್ ಕಡೆಯ ಗಲ್ಲಿಯಲ್ಲಿ, ಹತ್ತಿರವೇ. ಮುಗಿಸಿ ಹೊರಗೆ ಬರುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ, ಆಗ ಕಚೌರಿ. ನಮ್ಮೂರ ಬೇಕರಿಯ ಗಟ್ಟಿ ಕಚೋರಿ ಅಲ್ಲ ಇದು. ಉದ್ದಿನಬೇಳೆ ಮಸಾಲೆ ತುಂಬಿದ, ಪೂರಿಯ ಹಾಗೆ ಉಬ್ಬಿದ ಬಿಸಿ ಬಿಸಿ ಕಚೌರಿ, ಎಲೆ ದೊನ್ನೆಯಲ್ಲಿ ಆಲೂ ಕಡಲೆ ಪಲ್ಯ, ಜೊತೆಗೆ ಜಿಲೇಬಿ. ಬೆಳಗ್ಗೆ ಹತ್ತು ಹತ್ತೂವರೆಗೆ ಎಷ್ಟೋ ಕಡೆ ಖಾಲಿ. ನಿಂತು ತಿನ್ನುವ ಜನ ಎಲ್ಲಿ ಜಾಸ್ತಿ ಇದ್ದಾರೋ ಆ ಅಂಗಡಿಗೆ ಹೋಗಿ, ಹೆಸರು ಕೇಳಿಕೊಂಡು ಹುಡುಕೋದು ಬೇಡ. ನವೆಂಬರ್ ಕೊನೆ ಅಂದ್ರೆ ಮಲೈಯೋ ಕೂಡ ಶುರುವಾಗಿರುತ್ತದೆ. ಕಾಯಿಸಿದ ಹಾಲನ್ನು ರಾತ್ರಿ ಇಬ್ಬನಿಗೆ ಇಟ್ಟು, ಬೆಳಗ್ಗೆ ಕಡೆದು ಬರೀ ನೊರೆ ತೆಗೆದು, ಕೇಸರಿ ಏಲಕ್ಕಿ ಹಾಕಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಚಮಚ ಬಾಯಿಗೆ ಇಟ್ಟರೆ ಅಲ್ಲಿ ಏನೂ ಇಲ್ಲ, ಬರೀ ಸಿಹಿ ಮತ್ತು ತಣ್ಣಗಿನ ಗಾಳಿ. ಇದು ಚಳಿಗಾಲದ ತಿಂಡಿ, ಬೇಸಿಗೆಯಲ್ಲಿ ಕೇಳಿದರೆ ನಗುತ್ತಾರೆ.

ಅಲ್ಲಿಂದ ಕಾಲಭೈರವ. ಕಾಶಿಯ ಕೊತ್ವಾಲ, ಅಂದ್ರೆ ಊರು ಕಾಯುವವನು, ಅವನೇ, ಅವನ ಅಪ್ಪಣೆ ಇಲ್ಲದೆ ಯಾತ್ರೆ ಪೂರ್ತಿ ಆಗಲ್ಲ ಅನ್ನುವ ನಂಬಿಕೆ. ಗಲ್ಲಿ ಇಕ್ಕಟ್ಟು, ರಿಕ್ಷಾ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ನವಿಲುಗರಿಯ ಕಟ್ಟಿನಿಂದ ಬೆನ್ನಿಗೆ ತಟ್ಟಿ ಕಪ್ಪು ದಾರ ಕೊಡುತ್ತಾರೆ. ಊರಿಗೆ ಬಂದ ಮೇಲೆ ಅಕ್ಕಪಕ್ಕದವರೆಲ್ಲ ಕೇಳುವ ಕಾಶಿದಾರ ಇದೇ, ಸ್ವಲ್ಪ ಜಾಸ್ತಿಯೇ ತಗೊಳ್ಳಿ. ಆಮೇಲೆ ರೂಮು, ಊಟ, ನಿದ್ದೆ.

ಸಂಜೆ ದಶಾಶ್ವಮೇಧ ಘಾಟ್‌ನ ಗಂಗಾರತಿ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಆರತಿಯೂ ಬೇಗ, ಐದೂವರೆಗೇ ಅಲ್ಲಿರಿ. ಗೋದೌಲಿಯಾದಿಂದ ಘಾಟ್‌ವರೆಗೆ ವಾಹನ ಬಿಡಲ್ಲ, ಆ ಜನಜಂಗುಳಿಯಲ್ಲಿ ಮಂಡಿನೋವಿನವರನ್ನು ಕರೆದುಕೊಂಡು ಹೋಗೋದು ಕಷ್ಟ. ನೀವು ಅಸ್ಸಿಯಲ್ಲೇ ದೋಣಿ ಹತ್ತಿ ನೀರಿನ ಮೇಲಿಂದ ಬನ್ನಿ. ಅಸ್ಸಿಯಲ್ಲಿ ರಸ್ತೆ ಘಾಟ್‌ಗೆ ಹತ್ತಿರ, ಬೇರೆ ಕಡೆಯಷ್ಟು ಕಡಿದಾದ ಇಳಿತ ಇಲ್ಲ. ಆರತಿ ಮಾಡುವವರು ನದಿಗೆ ಮುಖ ಮಾಡಿ ನಿಲ್ಲುತ್ತಾರೆ, ಹಾಗಾಗಿ ದೋಣಿಯಲ್ಲಿದ್ದವರಿಗೇ ಮುಖ ಕಾಣುತ್ತದೆ, ಮೆಟ್ಟಿಲ ಮೇಲೆ ಕೂತವರಿಗೆ ಬೆನ್ನು. ನೂರಾರು ದೋಣಿ ಒಂದಕ್ಕೊಂದು ತಾಗಿ ನಿಂತಿರುತ್ತವೆ, ಚಹಾದವನು ಒಂದರಿಂದ ಒಂದಕ್ಕೆ ದಾಟಿಕೊಂಡೇ ಬರುತ್ತಾನೆ. ಗದ್ದಲ ಇಷ್ಟ ಇಲ್ಲ ಅಂದ್ರೆ ಅಸ್ಸಿಯಲ್ಲೇ ಬೆಳಗಿನ ಜಾವ ಇನ್ನೊಂದು ಆರತಿ ಇದೆ, ಸುಬಹ್-ಎ-ಬನಾರಸ್ ಅಂತ. ಸೂರ್ಯೋದಯಕ್ಕೆ ಮೊದಲು ಆರತಿ, ಆಮೇಲೆ ಸಂಗೀತ. ನನ್ನ ಓಟು ಅದಕ್ಕೇ.

ಎರಡನೇ ದಿನ ಅದನ್ನೇ ಮಾಡಿ. ಅಸ್ಸಿಯ ಆರತಿ ನೋಡಿ, ಸೂರ್ಯ ಏಳುವಾಗ ಕೈದೋಣಿ ಹತ್ತಿ. ಮೋಟಾರ್ ಬೇಡ, ಹುಟ್ಟು ಹಾಕುವವನೇ ಇರಲಿ, ಸದ್ದಿಲ್ಲದೆ ಹೋದರೆ ಘಾಟ್‌ನ ಮಾತು, ಗಂಟೆ, ಅಗಸರು ಬಟ್ಟೆ ಒಗೆಯುವ ಸದ್ದು ಎಲ್ಲ ಕೇಳುತ್ತದೆ. ಮೆಟ್ಟಿಲು ಯಾಕೆ ಅಷ್ಟು ಎತ್ತರ ಅಂತ ಮಗನಿಗೆ ಇಲ್ಲೇ ತೋರಿಸಿ: ಮಳೆಗಾಲದಲ್ಲಿ ನೀರು ಆ ಮೆಟ್ಟಿಲನ್ನೆಲ್ಲ ನುಂಗಿ ಗಲ್ಲಿಗೆ ಬರುತ್ತದೆ, 1978ರ ಪ್ರವಾಹದಲ್ಲಿ 71.26 ಮೀಟರ್‌ನ ಅಪಾಯದ ಮಟ್ಟ ದಾಟಿ 73.9 ಮೀಟರ್‌ಗೆ ಏರಿತ್ತು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ದಿನ ದೋಣಿಯೇ ಇರಲ್ಲ. ದಾರಿಯಲ್ಲಿ ಹರಿಶ್ಚಂದ್ರ ಘಾಟ್, ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್, ರಾಜಸ್ಥಾನದ ಅರಮನೆ ಥರದ ಮಾನಮಂದಿರ, ಮರದಲ್ಲಿ ಕಟ್ಟಿದ ನೇಪಾಳಿ ಗುಡಿ, ಪಕ್ಕಕ್ಕೆ ವಾಲಿ ಅರ್ಧ ನೀರಲ್ಲೇ ನಿಂತ ರತ್ನೇಶ್ವರ ಗುಡಿ.

ಮಣಿಕರ್ಣಿಕಾ ಘಾಟ್‌ಗೆ ಮಗನನ್ನು ಕರೆದುಕೊಂಡು ಹೋಗಬಹುದಾ ಅಂತ ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಬಂದೇ ಬರುತ್ತದೆ. ದೋಣಿಯಿಂದ ತೋರಿಸಿ. ಹತ್ತನೇ ಕ್ಲಾಸಿನ ಹುಡುಗ, ನೋಡಲಿ. ಹಗಲೂ ರಾತ್ರಿ ಅಲ್ಲಿ ಚಿತೆ ಆರಲ್ಲ. ದೋಣಿ ತುಂಬ, ಮೆಟ್ಟಿಲ ತುಂಬ ಪೇರಿಸಿದ ಸೌದೆ, ಅದನ್ನು ತೂಗುವ ದೊಡ್ಡ ತಕ್ಕಡಿ, ಮಿಂಚುವ ಬಟ್ಟೆ ಹೊದಿಸಿ ಬಿದಿರ ಚಟ್ಟದ ಮೇಲೆ ಸರದಿಗೆ ಕಾಯುವ ಹೆಣಗಳು, ನಡುವೆಯೇ ಓಡಾಡುವ ಆಡು, ನಾಯಿ. ಸೊಂಟದ ಮಟ್ಟದ ನೀರಲ್ಲಿ ನಿಂತು ಬೂದಿಯನ್ನು ಬುಟ್ಟಿಯಲ್ಲಿ ಸೋಸಿ ಚಿನ್ನದ ಚೂರು ಹುಡುಕುವವರೂ ಕಾಣುತ್ತಾರೆ. ಬೆಂಕಿ ಕೊಡುವ ಹಕ್ಕು ಡೋಮ್ ಸಮುದಾಯದ್ದು. ಫೋಟೊ, ವಿಡಿಯೊ ಯಾವುದೂ ಬೇಡ, ದೂರದಿಂದಲೂ ಬೇಡ. ಅಮ್ಮ ಏನಾದರೂ "ಇಲ್ಲೇ ಪ್ರಾಣ ಹೋದರೆ ಸಾಕು" ಅಂದರೆ ಬೈಯಬೇಡಿ, ಆ ವಯಸ್ಸಿನವರು ಅಲ್ಲಿ ಹಾಗೆ ಅನ್ನುವುದು ಸಾಮಾನ್ಯ.

ಮೋಸದ ವಿಷಯ. ಜಾಸ್ತಿ ಹೆದರಬೇಡಿ, ಪ್ರಾಣಕ್ಕೆ ಅಪಾಯ ಆಗುವಂಥದ್ದಲ್ಲ, ಜೇಬಿಗೆ ಮಾತ್ರ. ಮಣಿಕರ್ಣಿಕಾದಲ್ಲೇ ದೊಡ್ಡದು ನಡೆಯುತ್ತದೆ: ಒಬ್ಬ ಬಂದು "ನಾನು ದುಡ್ಡು ಕೇಳಲ್ಲ, ಇಲ್ಲಿ ಸಾಯೋಕೆ ಬಂದ ಬಡವರ ಸೇವೆ ಮಾಡ್ತೀನಿ" ಅಂತ ಮೇಲಿನ ಮಹಡಿಗೆ ಕರೆದುಕೊಂಡು ಹೋಗಿ ಎಲ್ಲ ವಿವರಿಸಿ, ಕೊನೆಗೆ ಬಡವರ ಚಿತೆಗೆ ಇಷ್ಟು ಕಿಲೋ ಕಟ್ಟಿಗೆ ಕೊಡಿ ಅನ್ನುತ್ತಾನೆ. ಕೊಡದಿದ್ದರೆ ಪಾಪ ತಟ್ಟುತ್ತದೆ ಅಂತ ಹೆದರಿಸುತ್ತಾನೆ. ಮೇಲೆ ಹತ್ತಲೇಬೇಡಿ. "ವಿಐಪಿ ದರ್ಶನ ಮಾಡಿಸ್ತೀನಿ" ಅನ್ನುವವರ ಹತ್ತಿರ ನಿಲ್ಲಬೇಡಿ. ದೋಣಿಯವನ ಹತ್ತಿರ ಮೂರು ವಿಷಯ ಬಾಯಿಬಿಟ್ಟು ಹೇಳಿಸಿ: ಹೇಳಿದ ರೇಟು ಪೂರ್ತಿ ದೋಣಿಗಾ ತಲೆಗಾ, ಎಲ್ಲಿಂದ ಎಲ್ಲಿವರೆಗೆ, ವಾಪಸ್ ಬರೋದು ಸೇರಿದೆಯಾ. ಪೂಜೆ, ಶ್ರಾದ್ಧ ಮಾಡಿಸುವುದಾದರೆ ದಕ್ಷಿಣೆ ಸಂಕಲ್ಪಕ್ಕೆ ಮೊದಲೇ ನಿಗದಿಯಾಗಲಿ. ನೀರಲ್ಲಿ ನಿಂತು ಕೈಯಲ್ಲಿ ದರ್ಭೆ ಹಿಡಿದ ಮೇಲೆ ಚೌಕಾಸಿ ಮಾಡೋಕೆ ಯಾರಿಗೂ ಬಾಯಿ ಬರಲ್ಲ, ಅದು ಅವರಿಗೂ ಗೊತ್ತು.

ಸೀರೆ ಬಗ್ಗೆ ನಿಮ್ಮ ಹೆಂಡತಿಗೆ ಒಂದು ಮಾತು. ಆಟೊದವನು ಕರೆದುಕೊಂಡು ಹೋದ "ಫ್ಯಾಕ್ಟರಿ"ಯಲ್ಲಿ ತಗೊಂಡರೆ ಅವನ ಕಮಿಷನ್ ನಿಮ್ಮ ಬಿಲ್ಲಲ್ಲೇ ಸೇರಿರುತ್ತದೆ. ಕೈಮಗ್ಗದ ಕಢುವಾ ಸೀರೆ ಅಂತ ಹೇಳಿದರೆ ಸೆರಗು ಮಗುಚಿ ನೋಡಿ. ಕಢುವಾದಲ್ಲಿ ಪ್ರತಿ ಬುಟ್ಟಾವನ್ನೂ ಬೇರೆ ಬೇರೆಯಾಗಿ ನೇಯುವುದರಿಂದ ಒಂದು ಹೂವಿನಿಂದ ಇನ್ನೊಂದಕ್ಕೆ ನೂಲು ಎಳೆದಿರಲ್ಲ, ಕತ್ತರಿಸಿದ ತುದಿಗಳೂ ಇರಲ್ಲ. ಹಿಂಬದಿ ತುಂಬ ಕತ್ತರಿಸಿದ ಎಳೆ ಕಂಡರೆ ಅದು ಕಢುವಾ ಅಲ್ಲ, ಆ ಬೆಲೆ ಕೊಡಬೇಡಿ. ಅಂದಹಾಗೆ ಅಲ್ಲಿನ ಮಗ್ಗಗಳಿಗೆ ನಮ್ಮ ಕರ್ನಾಟಕದ ರೇಷ್ಮೆ ನೂಲೂ ಹೋಗುತ್ತದೆ.

ದೋಣಿ ಇಳಿದ ಮೇಲೆ ಅಸ್ಸಿ ಕಡೆಯದ್ದನ್ನೆಲ್ಲ ಒಟ್ಟಿಗೆ ಮುಗಿಸಿ. ಕೆಂಪು ಬಣ್ಣದ ದುರ್ಗಾ ಮಂದಿರ, ಪಕ್ಕದ ತುಳಸಿ ಮಾನಸ ಮಂದಿರ, ಸಂಕಟಮೋಚನ ಹನುಮಂತ. ಮೂರೂ ಆಟೊಗೆ ಹತ್ತಿರ ಹತ್ತಿರ. ಸಂಕಟಮೋಚನದಲ್ಲಿ ಕಡಲೆಹಿಟ್ಟಿನ ಲಾಡು ತಗೊಂಡ ಕೂಡಲೇ ಬ್ಯಾಗಿಗೆ ಹಾಕಿ, ಕೋತಿಗಳು ಕಾಯುತ್ತಿರುತ್ತವೆ. ಮಂಗಳವಾರ, ಶನಿವಾರ ಅಲ್ಲಿಗೆ ಹೋಗಬೇಡಿ, ಅಷ್ಟು ಜನ. ಹಿಂದೂ ವಿಶ್ವವಿದ್ಯಾಲಯದೊಳಗಿನ ಹೊಸ ವಿಶ್ವನಾಥ ಮಂದಿರಕ್ಕೂ ಹೋಗಬಹುದು, ವಿಶಾಲವಾಗಿದೆ, ತಳ್ಳಾಟ ಇಲ್ಲ. 1916ರಲ್ಲಿ ಮದನ ಮೋಹನ ಮಾಳವೀಯರು ಆ ವಿಶ್ವವಿದ್ಯಾಲಯ ಶುರು ಮಾಡಿದಾಗ ಅದರ ಮೊದಲ ಕುಲಾಧಿಪತಿ ಆದವರು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಮಗನಿಗೆ ಹೇಳಿ.

ಮಧ್ಯಾಹ್ನ ಮೇಲೆ ಸಾರನಾಥ, ಹತ್ತು ಕಿಲೋಮೀಟರ್. ಸಮತಟ್ಟು ಜಾಗ, ಹುಲ್ಲುಹಾಸು, ಅಮ್ಮನಿಗೂ ಸುಲಭ. ಬುದ್ಧ ಮೊದಲ ಉಪದೇಶ ಮಾಡಿದ ಊರು. ಧಮೇಖ್ ಸ್ತೂಪದ ಬುಡದ ಕಲ್ಲಿನ ಕೆತ್ತನೆ ಹತ್ತಿರದಿಂದ ನೋಡಿ. ಆದರೆ ಅಲ್ಲಿ ಮೊದಲು ಹೋಗಬೇಕಾದದ್ದು ಮ್ಯೂಸಿಯಂಗೆ, ಶುಕ್ರವಾರ ರಜೆ. ನೋಟಿನ ಮೇಲೆ ನಾವು ದಿನಾ ನೋಡುವ ಸಿಂಹಗಳ ಮೂಲ ಅಲ್ಲಿದೆ, ಎರಡು ಮೀಟರ್‌ಗಿಂತ ಎತ್ತರ. 1905ರಲ್ಲಿ ಅಗೆದಾಗ ಸಿಕ್ಕಿದ್ದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಕಲ್ಲಿಗೆ ಇವತ್ತಿಗೂ ಕನ್ನಡಿಯಂಥ ಹೊಳಪು. ಕೆಳಗಿನ ಪಟ್ಟಿಯಲ್ಲಿ ಆನೆ, ಗೂಳಿ, ಕುದುರೆ, ಸಿಂಹ, ನಡುನಡುವೆ ಚಕ್ರ. ಆ ಸಿಂಹಗಳನ್ನು ಹೊತ್ತಿದ್ದ ಅಶೋಕನ ಕಂಬದ ಮುರಿದ ಬುಡ ಹೊರಗೆ ನಿಂತ ಜಾಗದಲ್ಲೇ ಇದೆ, ಬ್ರಾಹ್ಮಿ ಅಕ್ಷರ ಇನ್ನೂ ಕಾಣುತ್ತದೆ. ಪಾಠದಲ್ಲಿ ಓದಿದ ಹುಡುಗ ಅಲ್ಲಿ ಬೇಜಾರು ಪಟ್ಟುಕೊಳ್ಳಲ್ಲ.

ಕಾಶಿಯಲ್ಲಿ ಇಷ್ಟದ ಒಂದು ಹಣ್ಣೋ ತರಕಾರಿಯೋ ಬಿಟ್ಟು ಬರುವ ಪದ್ಧತಿ ನಿಮ್ಮ ಮನೆಯಲ್ಲೂ ಇರಬಹುದು. ಇಷ್ಟದ್ದು ಅಂತ ಹೆಸರು, ಹಾಗಲಕಾಯಿ ಬಿಟ್ಟು ಬಂದವರೇ ಜಾಸ್ತಿ. ಅಮ್ಮನಿಗೆ ಏನು ಬಿಡಬೇಕು ಅಂತ ಮೊದಲೇ ಯೋಚನೆ ಮಾಡಿಕೊಳ್ಳೋಕೆ ಹೇಳಿ, ಮಂಡಿನೋವು, ಶುಗರ್ ಇರುವವರು ಪೌಷ್ಟಿಕವಾದ ಸೊಪ್ಪು ತರಕಾರಿ ಬಿಟ್ಟುಬಿಟ್ಟರೆ ಆಮೇಲೆ ಊಟಕ್ಕೆ ತೊಂದರೆ.

ಹೋಗಿ ಬರುವುದು. ಬೆಂಗಳೂರಿನಿಂದ ನೇರ ವಿಮಾನ ಇದೆ, ಎರಡೂವರೆ ಗಂಟೆ, ಬಾಬತ್‌ಪುರದ ನಿಲ್ದಾಣ ಊರಿಂದ ಸುಮಾರು 25 ಕಿಲೋಮೀಟರ್. ರೈಲಾದರೆ ಬೆಂಗಳೂರಿನಿಂದ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್ ಕಾಶಿಯೊಳಗೆ ಬರಲ್ಲ, ಹಿಂದೆ ಮೊಗಲ್‌ಸರಾಯ್ ಅಂತಿದ್ದ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಇಳಿದು ಆಟೊ ಹಿಡಿಯಬೇಕು. ಮುಜರಾಯಿ ಇಲಾಖೆಯ ಕಾಶಿಯಾತ್ರೆ ಸಹಾಯಧನ 2022ರಲ್ಲಿ ತಲಾ 5,000 ರೂಪಾಯಿ ಅಂತ ಶುರುವಾಗಿತ್ತು, ಈ ವರ್ಷದ ನಿಯಮ ನೋಡಿಕೊಂಡು, ಟಿಕೆಟ್ಟು, ದರ್ಶನದ ರಸೀದಿ ಎಲ್ಲ ಜೋಪಾನ ಮಾಡಿ. ಪ್ರವಾಸ ಡಿಸೆಂಬರ್ ನಡುವಿಗೆ ಮುಂದೆ ಹೋದರೆ ಮಂಜು ಜಾಸ್ತಿ, ರೈಲು ಗಂಟೆಗಟ್ಟಲೆ ತಡ, ವಿಮಾನ ರದ್ದೂ ಆಗುತ್ತದೆ. ಆಗ ಬೆಳಗಿನ ವಿಮಾನ ಬಿಟ್ಟು ಮಧ್ಯಾಹ್ನದ್ದು ಬುಕ್ ಮಾಡಿ.